ತಪಾಸಣೆಯ ಚೀಟಿ ಸಾಲದು, ನಡೆಯಬೇಕು

ನಮ್ಮ ಸಂಘ-ಸಂಸ್ಥೆಗಳು ಆಗಾಗ ಉಚಿತ ವೈದ್ಯಕೀಯ ತಪಾಸಣಾ ಶಿಬಿರ ನಡೆಸುತ್ತವೆ. ದೀಪ ಬೆಳಗಿ, ಶಾಲು ಹೊದಿಸಿ, ಸಕ್ಕರೆ-ರಕ್ತದೊತ್ತಡದ ಚೀಟಿ ಹಂಚುವವರೆಗೆ ಎಲ್ಲವೂ ಸಾಂಗ. ಚೀಟಿ ಹಿಡಿದು ಮನೆಗೆ ಹೋದ ಸದಸ್ಯರು ಮರುದಿನದಿಂದ ಏನು ಮಾಡುತ್ತಿದ್ದಾರೆ ಎಂದು ಮಾತ್ರ ವಿಚಾರಿಸುವವರಿಲ್ಲ.

ಖರ್ಚಿಲ್ಲದ ಉಪಾಯವೆಂದರೆ ನಡಿಗೆ. ಮಧುಮೇಹದ ಹೊಸ್ತಿಲಲ್ಲಿದ್ದ ಭಾರತೀಯರ ಮೇಲೆ ಚೆನ್ನೈಯ ವೈದ್ಯರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೆದು ಹಿತಮಿತವಾಗಿ ಉಣ್ಣುವ ಸಲಹೆ ಪಡೆದವರಲ್ಲಿ ಕಾಯಿಲೆಯ ಸಾಧ್ಯತೆ ಸುಮಾರು ಶೇ. 28ರಷ್ಟು ಇಳಿದಿತ್ತು. ಮಾತ್ರೆ ನುಂಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಲಾಭ.

"ಹೋಟೆಲಿನಲ್ಲಿ ಇಡೀ ದಿನ ನಿಂತೇ ಇರುತ್ತೇವಲ್ಲ" ಎನ್ನುವ ಬಂಧುಗಳಿದ್ದಾರೆ. ನಿಲ್ಲುವುದು ನಡಿಗೆಯಲ್ಲ. ನಡೆಯುವಾಗ ಕಾಲಿನ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಒಂದೇ ಕಡೆ ನಿಂತರೆ ಕಾಲು ಬಾತುಕೊಳ್ಳುವುದೇ ಹೆಚ್ಚು. ರಾತ್ರಿ ಹನ್ನೊಂದಕ್ಕೆ ಊಟ, ಕೈತೊಳೆದು ನೇರ ಹಾಸಿಗೆ: ನಮ್ಮ ಉದ್ಯಮದವರ ಈ ರೂಢಿ ತೀರಾ ಕೆಟ್ಟದು. ಊಟದ ಬಳಿಕ ಹತ್ತು-ಹದಿನೈದು ನಿಮಿಷ ಬೀದಿ ಸುತ್ತಿದರೂ ಸಕ್ಕರೆ ಏರುವುದು ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ, ಒಮ್ಮೆಗೇ ಆಗಬೇಕೆಂದಿಲ್ಲ.

ಸಂಘಗಳ ಯುವ ವಿಭಾಗ, ಮಹಿಳಾ ವಿಭಾಗದವರು ರವಿವಾರ ಬೆಳಗ್ಗೆ ಶಿವಾಜಿ ಪಾರ್ಕಿನಲ್ಲೋ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲೋ ಸದಸ್ಯರನ್ನು ಕೂಡಿಸಲಿ. ಮಳೆಗಾಲಕ್ಕೆ ಸಭಾಗೃಹವಿದೆ. ನಡೆದರೆ ಎದೆ ಹಿಡಿಯುವವರು ಮೊದಲು ವೈದ್ಯರನ್ನು ಕಾಣಬೇಕು. ಮಧುಮೇಹಿಗಳು ಬರಿಗಾಲಲ್ಲಿ ನಡೆಯಬಾರದು. ಉದ್ಘಾಟನೆ, ಅತಿಥಿಗಣ್ಯರು ಬೇಕಿಲ್ಲ. ಆ ಹಾರ-ತುರಾಯಿಯ ಹಣದಲ್ಲಿ ಅನುಕೂಲವಿಲ್ಲದ ಹಿರಿಯ ಸದಸ್ಯರಿಗೆ ಒಳ್ಳೆಯ ಬೂಟು ಕೊಡಿಸಬಹುದು.