ಪ್ರತಿಜ್ಞೆ ಸಾಲದು, ಚಿಕಿತ್ಸೆ ಬೇಕು

ಪ್ರತಿವರ್ಷ ಜೂನ್ 26 ಬಂತೆಂದರೆ ಶಾಲೆಗಳ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಂತು, ಬಲಗೈ ಮುಂದೆ ಚಾಚಿ, ಮಾದಕ ವಸ್ತುಗಳನ್ನು ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಕೇಂದ್ರ ಸರ್ಕಾರವು 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ‘ನಶಾ ಮುಕ್ತ ಭಾರತ’ ಅಭಿಯಾನವನ್ನು ಆರಂಭಿಸಿತು. ತಮಿಳುನಾಡು ಸರ್ಕಾರವು 2022ರ ಆಗಸ್ಟ್ 11ರಂದು ರಾಜ್ಯದಾದ್ಯಂತ ವಿದ್ಯಾರ್ಥಿಗಳಿಂದ ಪ್ರತಿಜ್ಞೆ ಮಾಡಿಸಿತು. ಬಹುಕಾಲ ಪಾಠಶಾಲೆಗಳಲ್ಲಿ ದುಡಿದ ನಮಗೆ ಪ್ರತಿಜ್ಞೆಯ ಬೆಲೆ ಗೊತ್ತು. ಅದನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ಪ್ರತಿಜ್ಞೆಯೆಂಬುದು ಇನ್ನೂ ಮುಟ್ಟದವನಿಗಾಗಿ ಕಟ್ಟುವ ಬೇಲಿ. ಬೇಲಿ ದಾಟಿ ಹಳ್ಳಕ್ಕೆ ಬಿದ್ದವನನ್ನು ಮೇಲಕ್ಕೆತ್ತುವವರು ಯಾರು? ಸರ್ಕಾರಗಳನ್ನು ನಾವು ಕೇಳಬೇಕಾದ ಪ್ರಶ್ನೆ ಇದು.

ಹೆಂಡ ಸಾರಾಯಿಗಳ ಕೇಡನ್ನು ನಮ್ಮ ಬೆಟ್ಟದ ಜನ ತಲೆಮಾರುಗಳಿಂದ ಬಲ್ಲರು. ನಾವಿಲ್ಲಿ ಹೇಳಹೊರಟಿರುವುದು ಅಫೀಮಿನ ಬಳಗಕ್ಕೆ ಸೇರಿದ ವಸ್ತುಗಳನ್ನು ಕುರಿತು: ಹೆರಾಯಿನ್, ಮಾರ್ಫೀನ್, ಹಾಗೂ ಅವುಗಳಂತೆಯೇ ಕೆಲಸ ಮಾಡುವ ಟ್ರಮಡಾಲ್, ಟ್ಯಾಪೆಂಟಡಾಲ್ ಮೊದಲಾದ ನೋವಿನ ಗುಳಿಗೆಗಳು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಇವುಗಳ ಬಳಕೆಯಿಂದ ತೊಂದರೆಗೆ ಸಿಲುಕಿ ನೆರವು ಬೇಕಾದವರ ಸಂಖ್ಯೆ ದೇಶದಲ್ಲಿ ಸುಮಾರು 77 ಲಕ್ಷ. ಅಕ್ರಮ ಮಾದಕ ವಸ್ತುಗಳಿಗೆ ದಾಸರಾದ ಇಪ್ಪತ್ತು ಮಂದಿಯಲ್ಲಿ ಒಬ್ಬನಷ್ಟೇ ಒಳರೋಗಿಯಾಗಿ ಚಿಕಿತ್ಸೆ ಪಡೆದಿದ್ದನೆಂದೂ ಅದೇ ಸಮೀಕ್ಷೆ ಹೇಳಿತು. ಉಳಿದ ಹತ್ತೊಂಬತ್ತು ಮಂದಿಗೆ ಸರ್ಕಾರ ಕೊಟ್ಟದ್ದೇನು? ಭಿತ್ತಿಪತ್ರ, ಜಾಥಾ, ಇಲ್ಲವೇ ಬೇಡಿ.

ಇದು ಪಂಜಾಬಿನ ಮಾತು, ಮಣಿಪುರದ ಮಾತು ಎಂದು ಯಾರೂ ನಿಶ್ಚಿಂತರಾಗಿರಬೇಕಿಲ್ಲ. ಈಚಿನ ವರ್ಷಗಳಲ್ಲಿ ತಮಿಳುನಾಡಿನ ನಗರಗಳಲ್ಲಿ ಯುವಕರು ಟ್ಯಾಪೆಂಟಡಾಲ್ ಗುಳಿಗೆಯನ್ನು ಕರಗಿಸಿ ಸೂಜಿಯಿಂದ ಚುಚ್ಚಿಕೊಂಡು ಪ್ರಾಣ ಕಳೆದುಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇವೆ. ಆಲೂಗಡ್ಡೆ, ಎಲೆಕೋಸು ಬೆಳೆಯುವ ನಮ್ಮ ಹೊಲಗಳಲ್ಲಿ ವರ್ಷವಿಡೀ ಕೆಲಸವಿರುವುದಿಲ್ಲ. ಮಳೆ ಕೈಕೊಟ್ಟರೆ ನಮ್ಮ ಹುಡುಗರು ತಿರುಪ್ಪೂರಿಗೋ ಕೊಯಮತ್ತೂರಿಗೋ ಬೆಂಗಳೂರಿಗೋ ಕೂಲಿಗೆ ಇಳಿಯುತ್ತಾರೆ. ಮೈಕೈ ನೋವಿಗೆಂದು ಗೆಳೆಯ ಕೊಟ್ಟ ಗುಳಿಗೆ ಯಾವುದೆಂದು ಅವರಿಗೆ ತಿಳಿಸಿ ಹೇಳುವವರು ಅಲ್ಲಿ ಯಾರಿದ್ದಾರೆ?

ನಮ್ಮ ಕಾನೂನು ಈ ವಿಷಯದಲ್ಲಿ ಎರಡು ನಾಲಗೆಯಲ್ಲಿ ಮಾತನಾಡುತ್ತದೆ. 1985ರ ಮಾದಕ ವಸ್ತುಗಳ ಕಾಯ್ದೆಯ ಕಲಂ 27ರಂತೆ ಹೆರಾಯಿನ್ ಸೇವಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅದೇ ಕಾಯ್ದೆಯ ಕಲಂ 64ಎ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯನ್ನು ಮೊಕದ್ದಮೆಯಿಂದ ಕಾಪಾಡುತ್ತದೆ. ಕಲಂ 71, ಚಿಕಿತ್ಸಾ ಕೇಂದ್ರಗಳನ್ನು ತೆರೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. ಮೊದಲನೆಯದನ್ನು ಪೊಲೀಸರು ಬಾಯಿಪಾಠ ಬಲ್ಲರು. ಮಿಕ್ಕೆರಡನ್ನು ಹಳ್ಳಿಯ ತಾಯಿಗೆ ತಿಳಿಸುವವರಿಲ್ಲ. ಹಿಡಿದ ಗಾಂಜಾ ಎಷ್ಟು ಕಿಲೋ, ಬಂಧಿತರು ಎಷ್ಟು ಮಂದಿ ಎಂಬ ಲೆಕ್ಕ ಪತ್ರಿಕಾಗೋಷ್ಠಿಗಳಲ್ಲಿ ಮೊಳಗುತ್ತದೆ. ಗುಣಮುಖರಾಗಿ ಮನೆಗೆ ಮರಳಿದವರು ಎಷ್ಟು ಮಂದಿ ಎಂಬ ಲೆಕ್ಕವನ್ನು ಅಷ್ಟೇ ಎತ್ತರದ ದನಿಯಲ್ಲಿ ಓದಿದ್ದನ್ನು ನಾವು ಕೇಳಿಲ್ಲ.

ವಿಷವನ್ನು ಮಾರಿ ಕೋಟಿ ಗಳಿಸುವವನನ್ನು ಸೆರೆಗೆ ಹಾಕಲಿ. ಹತ್ತರಿಂದ ಇಪ್ಪತ್ತು ವರ್ಷದ ಶಿಕ್ಷೆ ಅವನಿಗೆ ಕಾಯ್ದೆಯಲ್ಲೇ ಇದೆ. ಆದರೆ ರೋಗಿಯನ್ನು ಸೆರೆಗೆ ಹಾಕುವುದು ಕ್ರೂರ ಮಾತ್ರವಲ್ಲ, ಅಪಾಯಕರವೂ ಹೌದು. ಕೆಲವು ತಿಂಗಳು ಮದ್ದಿಲ್ಲದೆ ಇದ್ದ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹೊರಗೆ ಬಂದವನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಪರವಾನಗಿಯಿಲ್ಲದ ಕೇಂದ್ರಗಳಲ್ಲಿ ಕೂಡಿಹಾಕಿ ಬಡಿದು ಚಟ ಬಿಡಿಸುತ್ತೇವೆನ್ನುವವರ ಕಥೆಯೂ ಇದೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮಾದಕ ವಸ್ತುಗಳಿಂದ ಬಂದ ಬೇನೆಯನ್ನು ಮನೋರೋಗಗಳ ಸಾಲಿನಲ್ಲಿ ಸೇರಿಸಿ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ನಿಷೇಧಿಸಿ, ಸರ್ಕಾರದ ವೆಚ್ಚದಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಹಕ್ಕು ಕಾಗದದಲ್ಲಿದೆ, ಚಿಕಿತ್ಸೆ ಎಲ್ಲಿದೆ?

ಚಿಕಿತ್ಸೆಯೇ ಇಲ್ಲವೆನ್ನುವಂತಿಲ್ಲ. ನಾಲಗೆಯ ಕೆಳಗಿಟ್ಟುಕೊಳ್ಳುವ ಬ್ಯುಪ್ರೆನಾರ್ಫಿನ್ ಗುಳಿಗೆ, ಕುಡಿಯುವ ಮೆಥಡೋನ್ ದ್ರವ, ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು. ಪಂಜಾಬ್ ಸರ್ಕಾರ 2017ರಿಂದ ಹೊರರೋಗಿ ಚಿಕಿತ್ಸಾಲಯಗಳನ್ನು ತೆರೆದು ಬ್ಯುಪ್ರೆನಾರ್ಫಿನ್ ಕೊಡುತ್ತಿದೆ. ಒಂದು ಅಮಲನ್ನು ಬಿಡಿಸಲು ಇನ್ನೊಂದು ಅಮಲೇ ಎಂದು ಕೆಲವರು ಮೂಗು ಮುರಿಯುತ್ತಾರೆ. ಮೂರ್ಛೆರೋಗಿ ವರ್ಷಗಟ್ಟಲೆ ಗುಳಿಗೆ ನುಂಗಿದರೆ ಅವನನ್ನು ಯಾರೂ ಗುಳಿಗೆಯ ದಾಸನೆನ್ನುವುದಿಲ್ಲ. ವೈದ್ಯರ ಕಣ್ಣೆದುರು ತಕ್ಕ ಪ್ರಮಾಣದಲ್ಲಿ ತೆಗೆದುಕೊಂಡ ಬ್ಯುಪ್ರೆನಾರ್ಫಿನ್ ಮತ್ತೇರಿಸುವುದಿಲ್ಲ. ಮೈನಡುಕ, ವಾಂತಿ, ನಿದ್ರೆಯಿಲ್ಲದ ರಾತ್ರಿಗಳನ್ನು ತಡೆದು, ಬೆಳಗಾದರೆ ಹೊಲಕ್ಕೆ ಹೋಗುವ ಚೇತನವನ್ನು ಉಳಿಸುತ್ತದೆ.

ಇನ್ನೊಂದು ಅನ್ಯಾಯವನ್ನೂ ಇಲ್ಲಿಯೇ ಹೇಳಬೇಕು. 1985ರ ಕಾಯ್ದೆಯ ಬಿಗಿಗೆ ಹೆದರಿ ಆಸ್ಪತ್ರೆಗಳು ಮಾರ್ಫೀನನ್ನೇ ಇಡದಾದವು. ಕಳ್ಳದಾರಿಯ ಹೆರಾಯಿನ್ ನಿಲ್ಲಲಿಲ್ಲ. ಕ್ಯಾನ್ಸರಿನಿಂದ ನರಳುವ ಮುದುಕನ ನೋವಿನ ಮದ್ದು ಮಾತ್ರ ನಿಂತಿತು. 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಪರವಾನಗಿ ಸರಳವಾಯಿತಾದರೂ, ಹೆದರಿಕೆ ಹಳ್ಳಿಯ ಆಸ್ಪತ್ರೆಗಳಿಂದ ಇನ್ನೂ ಹೋಗಿಲ್ಲ. ಅಮೆರಿಕದಲ್ಲಿ ನಡೆದದ್ದು ಇದರ ತದ್ವಿರುದ್ಧ. ಅಲ್ಲಿ 1996ರಿಂದ ಒಂದು ಔಷಧಿ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆಯನ್ನು ಚಟ ಹಿಡಿಸುವುದು ಕಡಿಮೆಯೆಂದು ನಂಬಿಸಿ ಮಾರಿತು. 2021ರಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ಆ ದೇಶದಲ್ಲಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಕುರುಡು ನಿಷೇಧವೂ ಕೂಡದು, ಕುರುಡು ವ್ಯಾಪಾರವೂ ಕೂಡದು. ವೈದ್ಯನ ಕೈಯಲ್ಲಿ ಮದ್ದು ಇರಬೇಕು, ಆ ಕೈಯ ಮೇಲೆ ಸರ್ಕಾರದ ಕಣ್ಣಿರಬೇಕು.

ಇನ್ನು ನಮ್ಮ ಬೆಟ್ಟದ ಮಾತು. ನಮ್ಮ ಜಿಲ್ಲಾ ಕೇಂದ್ರವಾದ ಈರೋಡು ತಾಳವಾಡಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ದಿಂಬಂ ಘಾಟಿಯ 27 ತಿರುವುಗಳು. ಕಾಡುಪ್ರಾಣಿಗಳ ರಕ್ಷಣೆಗಾಗಿ 2022ರ ಫೆಬ್ರವರಿಯಿಂದ ಆ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಆಂಬುಲೆನ್ಸಿಗೆ ವಿನಾಯಿತಿ ಉಂಟು, ನಿಜ. ಆದರೆ ಅತಿಸೇವನೆಯಿಂದ ಉಸಿರು ನಿಲ್ಲುತ್ತಿರುವವನಿಗೆ ನಲಾಕ್ಸೋನ್ ಎಂಬ ಮದ್ದನ್ನು ಕೆಲವೇ ನಿಮಿಷಗಳಲ್ಲಿ ಕೊಡಬೇಕು. ಅದು ಘಾಟಿಯ ಕೆಳಗಿದ್ದರೆ ಇದ್ದೂ ಇಲ್ಲದಂತೆ. ಚಾಮರಾಜನಗರದ ಸರ್ಕಾರಿ ವೈದ್ಯಕೀಯ ಕಾಲೇಜು ನಮಗೆ ಎಷ್ಟೋ ಹತ್ತಿರ, ಅಲ್ಲಿನ ಮಾತೂ ನಮ್ಮದೇ. ಆದರೆ ನಡುವೆ ರಾಜ್ಯದ ಗಡಿ. ವೀರಪ್ಪನನ್ನು ಹಿಡಿಯಲು ಎರಡೂ ರಾಜ್ಯಗಳ ಕಾರ್ಯಪಡೆಗಳು 2004ರವರೆಗೆ ಇದೇ ಕಾಡುಗಳನ್ನು ವರ್ಷಗಟ್ಟಲೆ ಸೋಸಿದವು. ಒಬ್ಬ ಕಾಡುಗಳ್ಳನಿಗಾಗಿ ಕೈಜೋಡಿಸಿದ ಸರ್ಕಾರಗಳಿಗೆ ಕಾಯಿಲೆಯ ಮಕ್ಕಳಿಗಾಗಿ ಕೈಜೋಡಿಸಲು ಏಕಾಗದು?

ತಜ್ಞ ವೈದ್ಯರು ಬೆಟ್ಟಕ್ಕೆ ಬರುವುದಿಲ್ಲವೆಂಬ ನೆಪವನ್ನು ನಾವು ಒಪ್ಪುವುದಿಲ್ಲ. ಆ ನೆಪಕ್ಕೆ ಕನ್ನಡ ನೆಲವೇ ಉತ್ತರ ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗಿಗಳಿಗೆ ಊರ ಬಳಿಯಲ್ಲೇ ಚಿಕಿತ್ಸೆ ದೊರಕುವಂತೆ ಮಾಡಿ ತೋರಿಸಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಬಳ್ಳಾರಿಯಲ್ಲಿ ಆದದ್ದು ತಾಳವಾಡಿಯಲ್ಲಿ ಏಕಾಗಬಾರದು?

ಭಾಷೆಯ ಮಾತನ್ನು ನಾವು ಕೊನೆಗೆ ಇಟ್ಟುಕೊಂಡದ್ದು ಅದು ಚಿಕ್ಕದೆಂದಲ್ಲ. ಮುರಿದ ಕಾಲಿಗೆ ಪಟ್ಟಿ ಕಟ್ಟಲು ಮಾತು ಬೇಕಿಲ್ಲ. ವ್ಯಸನದ ಚಿಕಿತ್ಸೆಯಲ್ಲಿ ಅರ್ಧ ಕೆಲಸ ಮದ್ದಿನದು, ಅರ್ಧ ಕೆಲಸ ಮಾತಿನದು. ನಾಚಿಕೆಯಿಂದ ತಲೆ ತಗ್ಗಿಸಿದ ಹುಡುಗ ತನ್ನ ಸಂಕಟವನ್ನು ತಾಯಿನುಡಿಯಲ್ಲಲ್ಲದೆ ಇನ್ನಾವುದರಲ್ಲಿ ತೋಡಿಕೊಂಡಾನು? 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿ 14416, ನಿಮ್ಹಾನ್ಸಿನ ಮಾರ್ಗದರ್ಶನದಲ್ಲಿ ಹಲವು ಭಾರತೀಯ ಭಾಷೆಗಳಲ್ಲಿ ಸಲಹೆ ಕೊಡುತ್ತದೆ. ಮಾದಕ ವ್ಯಸನಕ್ಕೆಂದೇ 14446 ಸಂಖ್ಯೆಯೂ ಇದೆ. ಈ ಎರಡು ಸಂಖ್ಯೆಗಳನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆದಿಡಿ. ಆದರೆ ದೂರವಾಣಿಯ ದನಿ ಎದುರು ಕುಳಿತ ಮನುಷ್ಯನಿಗೆ ಸಮನಲ್ಲ.

ಆದ್ದರಿಂದ ಈ ಸಮ್ಮೇಳನವು ನಿರ್ಣಯಗಳನ್ನು ಕೈಗೊಳ್ಳುವಾಗ ಈ ನಾಲ್ಕನ್ನು ಸೇರಿಸಬೇಕೆಂದು ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ. ತಾಳವಾಡಿ ಬೆಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲಿ ನಲಾಕ್ಸೋನ್ ಸದಾ ದೊರೆಯಬೇಕು. ವಾರಕ್ಕೊಂದು ದಿನವಾದರೂ ವ್ಯಸನ ಚಿಕಿತ್ಸಾಲಯ ನಡೆಯಬೇಕು. ಅಲ್ಲಿ ಕನ್ನಡ ಬಲ್ಲ ಆಪ್ತಸಲಹೆಗಾರರಿರಬೇಕು. ಚಾಮರಾಜನಗರದಲ್ಲಿ ಚಿಕಿತ್ಸೆ ಪಡೆದ ನಮ್ಮ ರೋಗಿಯ ವೆಚ್ಚವನ್ನು ಎರಡು ಸರ್ಕಾರಗಳು ತಮ್ಮೊಳಗೆ ಹಂಚಿಕೊಳ್ಳಬೇಕು.

ಸಂವಿಧಾನದ 47ನೆಯ ವಿಧಿ ಜನರ ಆರೋಗ್ಯ ಸುಧಾರಣೆಯನ್ನೂ ಮಾದಕ ವಸ್ತುಗಳ ನಿಷೇಧವನ್ನೂ ಒಟ್ಟಿಗೆ ಸರ್ಕಾರದ ಹೊಣೆಯಾಗಿಸಿದೆ. ಎರಡನೆಯದನ್ನು ಹಿಡಿದು ಮೊದಲನೆಯದನ್ನು ಕೈಬಿಡುವ ಸ್ವಾತಂತ್ರ್ಯ ಯಾವ ಸರ್ಕಾರಕ್ಕೂ ಇಲ್ಲ. ಕುಂದುಕೊರತೆಗಳ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು 350ನೆಯ ವಿಧಿ ನಮಗಿತ್ತಿದೆ. ಮನವಿಯನ್ನು ಕನ್ನಡದಲ್ಲಿಯೇ ಬರೆಯೋಣ, ಬೆಟ್ಟದ ಪ್ರತಿ ಊರಿನ ಸಹಿ ಹಾಕಿಸೋಣ, ಉತ್ತರ ಬರುವವರೆಗೆ ಮತ್ತೆ ಮತ್ತೆ ಕಳುಹಿಸೋಣ.