ಮೊದಲ ಕುರ್ಚಿಯಲ್ಲಿ ಕೂತವಳು

ನಿಮ್ಮೂರಿನ ಭಜನಾ ಮಂಡಳಿಯಲ್ಲಿ ಮೊದಲ ಸಾಲು ಎತ್ತಿಕೊಳ್ಳುವವರು ಒಬ್ಬರಿರುತ್ತಾರಲ್ಲ, ಅವರನ್ನು ನೆನಪಿಸಿಕೊಳ್ಳಿ. ಅವರಿಗೆ ಕೆಮ್ಮು ಬಂದರೆ ಭಜನೆಯೇ ನಿಂತಂತೆ! ಪಾಶ್ಚಾತ್ಯರ ವಾದ್ಯವೃಂದದಲ್ಲೂ ಅಂಥವರಿರುತ್ತಾರೆ. ಈ ಸಲ ಅಂಥ ಒಬ್ಬಾಕೆಯ ಕಥೆ ಹೇಳುತ್ತೇನೆ. ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ.

ಹೆಸರು ಜಾರಾ ನೆಲ್ಸೋವಾ. ಹುಟ್ಟಿದ್ದು 1918ರಲ್ಲಿ, ಕೆನಡಾದ ವಿನಿಪೆಗ್ ಪಟ್ಟಣದಲ್ಲಿ, ರಷ್ಯದಿಂದ ವಲಸೆ ಬಂದವರ ಮನೆಯಲ್ಲಿ. ತಂದೆ ಕೊಳಲು ವಾದಕ. ಒಬ್ಬ ಮಗಳಿಗೆ ಪಿಯಾನೊ, ಇನ್ನೊಬ್ಬಳಿಗೆ ಪಿಟೀಲು, ಜಾರಾಗೆ ಚೆಲ್ಲೊ. ಚೆಲ್ಲೊ ಅಂದರೆ ಪಿಟೀಲಿನ ದೊಡ್ಡಣ್ಣ ಅನ್ನಿ. ಕುರ್ಚಿಯಲ್ಲಿ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ನಾದವೋ, ಗಂಡಸಿನ ತುಂಬುಕಂಠದ ಹಾಗೆ. ಐದು ತುಂಬದ ಕೂಸು ಅಷ್ಟು ದೊಡ್ಡ ವಾದ್ಯ ಹಿಡಿದೀತೇ? ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾವನ್ನೇ ಅಪ್ಪ ಮಾರ್ಪಡಿಸಿ ಪುಟ್ಟ ಚೆಲ್ಲೊ ಮಾಡಿಕೊಟ್ಟರು. ನಾವು ಅಮ್ಮನ ಹಳೇ ಸೀರೆಯಲ್ಲಿ ಮಗಳಿಗೆ ಲಂಗ ಹೊಲಿಸೋದಿಲ್ಲವೇ, ಹಾಗೆ!

ಹೆಣ್ಣು ಚೆಲ್ಲೊ ನುಡಿಸುವುದಕ್ಕೆ ಹಿಂದಿನ ಶತಮಾನದಲ್ಲಿ ಯುರೋಪಿನವರೇ ಮೂಗು ಮುರಿಯುತ್ತಿದ್ದರು. ಕಾಲಗಲಿಸಿ ಕೂರುವುದು ಸಭ್ಯತೆಯಲ್ಲವಂತೆ. ಪಾಪ, ಎರಡೂ ಕಾಲು ಒಂದೇ ಬದಿಗೆ ತಿರುಗಿಸಿಕೊಂಡು ನುಡಿಸಿದ ಹೆಂಗಸರೂ ಇದ್ದರು. ಮಾತು ಆಡುವವರಿಗೆ ಊರಾದರೇನು, ವಿಲಾಯತಿಯಾದರೇನು ಬಿಡಿ.

ಮನೆಯವರು ಲಂಡನ್ನಿಗೆ ಹೋದರು. ಅಲ್ಲಿ ಜಾರಾಗೆ ಒಳ್ಳೆಯ ಗುರುಗಳು ಸಿಕ್ಕರು. ಅಕ್ಕತಂಗಿಯರು ಮೂವರೂ ಸೇರಿ ಊರೂರು ಸುತ್ತಿ ಕಚೇರಿ ಕೊಟ್ಟರು. 1940ರಲ್ಲಿ, ಇನ್ನೂ ಇಪ್ಪತ್ತೊಂದರ ಆಸುಪಾಸಿನಲ್ಲಿದ್ದಾಗ, ಜಾರಾ ಕೆನಡಾದ ಟೊರಾಂಟೊ ಸಿಂಫನಿ ವಾದ್ಯವೃಂದದ ಪ್ರಧಾನ ಚೆಲ್ಲೊ ವಾದಕಿಯಾದಳು. ಬರ್ಲಿನ್ನಿನ ಹೆಸರಾಂತ ಫಿಲ್ಹಾರ್ಮೊನಿಕ್ ವೃಂದ ಮೊದಲ ಹೆಣ್ಣಿಗೆ ಬಾಗಿಲು ತೆರೆದದ್ದು 1982ರಲ್ಲಿ ಅಂದರೆ, ಈ ಕುರ್ಚಿಯ ಬೆಲೆ ನಿಮಗೇ ಗೊತ್ತಾಗುತ್ತದೆ.

ಆ ಕುರ್ಚಿಯ ಕೆಲಸ ಏನಪ್ಪಾ ಅಂದರೆ, ಎಂಟು ಹತ್ತು ಚೆಲ್ಲೊಗಳ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ಕೂರುವುದು. ಯಾವ ಸ್ವರಕ್ಕೆ ಕಮಾನು ಮೇಲೆ, ಯಾವುದಕ್ಕೆ ಕೆಳಗೆ ಎಂದು ತೀರ್ಮಾನಿಸುವುದು ಆ ಪ್ರಧಾನರೇ. ಹಾಳೆಯ ಮೇಲೆ ಪೆನ್ಸಿಲ್ ಗುರುತು ಬೀಳುತ್ತದೆ. ಅಷ್ಟೂ ಕಮಾನುಗಳು ಒಟ್ಟಿಗೇ ಏರಿ ಇಳಿಯಬೇಕು. ನಡುನಡುವೆ ಒಂಟಿಯಾಗಿ ನುಡಿಸುವ ಭಾಗ ಬಂದರೆ ಅದೂ ಅವರ ಪಾಲಿಗೇ. ಬ್ರಾಮ್ಸ್‌ನ ಎರಡನೆಯ ಪಿಯಾನೊ ಕನ್ಚೆರ್ಟೊ ಕೃತಿಯ ಮೂರನೆಯ ಭಾಗ ಕೇಳಿ. ಜನ ಬಂದಿರುವುದು ಪಿಯಾನೊ ಕೇಳೋಕೆ, ಆದರೆ ಮೊದಲು ಹಾಡುವುದು ಒಂದೇ ಒಂದು ಚೆಲ್ಲೊ. ಆಮೇಲೆ ಮತ್ತೆ ಗುಂಪಿನಲ್ಲಿ ಒಂದಾಗಿ ಬಿಡಬೇಕು. ಅದೇ ಕಷ್ಟ ಕಣ್ರೀ.

ಅಂಥ ಕುರ್ಚಿಯನ್ನು ಆಕೆ 1943ರಲ್ಲಿ ಬಿಟ್ಟಳು. ಆಮೇಲೆ ಒಬ್ಬಳೇ ವೇದಿಕೆಯ ಮುಂದೆ, ಇಡೀ ವೃಂದ ಬೆನ್ನ ಹಿಂದೆ. ತಿಂಗಳ ಸಂಬಳದ ಆಸರೆಯಿಲ್ಲ, ತಪ್ಪಿದರೆ ಮುಚ್ಚಿಕೊಳ್ಳಲು ಪಕ್ಕದ ಕಮಾನೂ ಇಲ್ಲ. ನಾನಾಗಿದ್ದರೆ ಬಿಡುತ್ತಿದ್ದೆನೇ? ಸುಳ್ಳೇಕೆ, ಇಲ್ಲ! ಆಕೆ ಮಾತ್ರ ಗೆದ್ದಳು. 1950ರಲ್ಲಿ ಬಾರ್ಬರ್‌ನ ಕನ್ಚೆರ್ಟೊ ಧ್ವನಿಮುದ್ರಿಸಿದಾಗ ವೃಂದವನ್ನು ನಡೆಸಿದವನು ಸ್ವತಃ ಬಾರ್ಬರ್. ಅರ್ನೆಸ್ಟ್ ಬ್ಲಾಕ್ ಎಂಬ ರಚನಕಾರ ಒಂಟಿ ಚೆಲ್ಲೊಗೆಂದು ಬರೆದ ಕೃತಿಗಳನ್ನು ಆಕೆಗೇ ಅರ್ಪಿಸಿದ. 1962ರಿಂದ ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯಲ್ಲಿ ಪಾಠ ಹೇಳಿದಳು.

ಆಕೆಯ ಕೈಯಲ್ಲಿದ್ದ ವಾದ್ಯದ ಸಂಗತಿ ಹೇಳದಿದ್ದರೆ ಹೇಗೆ! 1726ರಲ್ಲಿ ಇಟಲಿಯ ಸ್ಟ್ರಾಡಿವೇರಿ ಮಾಡಿದ ಚೆಲ್ಲೊ ಅದು. ದಾನಿಯೊಬ್ಬರು ಲಂಡನ್ನಿನ ರಾಯಲ್ ಅಕಾಡೆಮಿಗೆ ಕೊಡುವಾಗಲೇ ಷರತ್ತು ಹಾಕಿದ್ದರು: ನೆಲ್ಸೋವಾ ಬದುಕಿರುವ ತನಕ ಆಕೆಯೇ ನುಡಿಸಲಿ. 2002ರ ಅಕ್ಟೋಬರಿನಲ್ಲಿ ಆಕೆ ತೀರಿಕೊಂಡಳು. ವರ್ಷಗಳ ಮೇಲೆ ಅದೇ ಚೆಲ್ಲೊ ಸ್ಟೀವನ್ ಇಸ್ಸರ್ಲಿಸ್ ಎಂಬ ವಾದಕನ ಕೈ ಸೇರಿತು.