ತಾತ ಮಾಡಿದ್ದೇ ಸರಿ



ಕೈಲ್‌ಪೊಳ್ದ್ ಹಬ್ಬದ ಗುಂಡು ಹೊಡೆಯುವ ಸ್ಪರ್ಧೆಯಿಂದ ಸುಬೇದಾರ್ ತಾತ ನನ್ನನ್ನು ಹೊರಗೆ ಹಾಕಿದ ವಿಷಯ ಇಡೀ ಶಾಲೆಗೆ ಗೊತ್ತು. "ಪಾಪ, ನಿನಗೆ ಅನ್ಯಾಯ ಆಯ್ತು" ಅಂತ ಗೆಳೆಯರು ಹೇಳುತ್ತಿದ್ದಾರೆ. ಆ ದಿನ ಬೆಳಿಗ್ಗೆ ನನಗೂ ಹಾಗೇ ಅನ್ನಿಸಿತ್ತು. ಸಂಜೆಯ ಹೊತ್ತಿಗೆ ಅಭಿಪ್ರಾಯ ಬದಲಾಯಿತು. ಯಾಕೆ ಅಂತ ಇಲ್ಲಿ ಬರೆಯುತ್ತೇನೆ.

ನಮ್ಮ ಕೊಡಗಿನಲ್ಲಿ ಗದ್ದೆ ನಾಟಿ ಮುಗಿದ ಮೇಲೆ ಬರುವ ಹಬ್ಬ ಕೈಲ್‌ಪೊಳ್ದ್. ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಮೈದಾನದಲ್ಲಿ ಸ್ಪರ್ಧೆ. ದೊಡ್ಡವರು ತೆಂಗಿನಕಾಯಿಗೆ ಹೊಡೆಯುತ್ತಾರೆ, ನಮಗೆ ಏರ್ ಗನ್ನಿನಲ್ಲಿ ಕೋಳಿಮೊಟ್ಟೆಗೆ ಹೊಡೆಯುವ ಸ್ಪರ್ಧೆ ಇರುತ್ತದೆ. ಪ್ರತಿ ವರ್ಷದಂತೆ ಈ ವರ್ಷವೂ ಮೈದಾನದ ಉಸ್ತುವಾರಿ ಸುಬೇದಾರ್ ತಾತನದ್ದೇ. ಅವರು ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿ ಇದ್ದವರು. 1999ರ ಕಾರ್ಗಿಲ್ ಯುದ್ಧದ ಸಮಯದಲ್ಲಿ ಗಡಿಯಲ್ಲೇ ಇದ್ದರು. ಊರಿನಲ್ಲಿ ಅವರ ಮಾತಿಗೆ ಎದುರಾಡುವವರಿಲ್ಲ.

ಶುರುವಾಗುವ ಮೊದಲು ತಾತ ಮೂರೇ ಮಾತು ಹೇಳಿದರು. "ಕೋವಿ ಖಾಲಿ ಇದೆ ಅಂತ ಯಾವತ್ತೂ ನಂಬಬೇಡಿ. ನಳಿಗೆ ಗುರಿಯ ಕಡೆಗೇ ಇರಲಿ. ಗುರಿ ಹಿಡಿಯೋವರೆಗೆ ಬೆರಳು ಟ್ರಿಗರ್ ಮೇಲೆ ಬೇಡ." ನಾವೆಲ್ಲ ಒಟ್ಟಿಗೆ "ಆಯ್ತು ತಾತ" ಅಂದೆವು.

ನನಗೆ ಮೂರು ಗುಂಡು ಕೊಟ್ಟಿದ್ದರು. ಮೊದಲನೆಯದಕ್ಕೇ ಮೊಟ್ಟೆ ಚೂರಾಯಿತು! ಹಿಂದೆ ನಿಂತಿದ್ದ ಗೆಳೆಯರು ಕೂಗಿಕೊಂಡರು. ಖುಷಿಯಲ್ಲಿ ನಾನು ಏರ್ ಗನ್ ಹಿಡಿದುಕೊಂಡೇ ಅವರ ಕಡೆ ತಿರುಗಿದೆ. ತಿರುಗಿ ಮುಗಿಯುವ ಮೊದಲೇ ತಾತನ ಕೈ ನಳಿಗೆಯ ಮೇಲಿತ್ತು. ಅದನ್ನು ನೆಲದ ಕಡೆ ಒತ್ತಿ ಹಿಡಿದು, "ಇಲ್ಲಿ ಕೊಡು ಮಗ. ಈ ವರ್ಷ ನಿನಗೆ ಇಷ್ಟೇ. ಬಾ, ನನ್ನ ಪಕ್ಕ ಕೂತ್ಕೋ" ಅಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅಪ್ಪ ಅಮ್ಮ, ತಂಗಿ ಎಲ್ಲರೂ ನೋಡುತ್ತಿದ್ದರು.

ಸಂಜೆವರೆಗೂ ಅವರ ಪಕ್ಕದಲ್ಲೇ ಕೂತಿದ್ದೆ. "ಮೊಟ್ಟೆ ನೋಡಬೇಡ, ಹೊಡೆಯೋರ ಕೈ ನೋಡು. ತಪ್ಪು ಕಂಡರೆ ಹೇಳು" ಅಂದರು. ನೋಡುತ್ತಾ ಹೋದ ಹಾಗೆ ಗಾಬರಿಯಾಯಿತು. ಕೋವಿ ತೆಗೆದುಕೊಳ್ಳುವಾಗಲೇ ಬೆರಳು ಟ್ರಿಗರ್ ಮೇಲೆ ಇಡುವವರಿದ್ದರು. ಫೋಟೋಕ್ಕೆ ನಗುತ್ತಾ ಕೋವಿ ಸಮೇತ ತಿರುಗುವವರೂ ಇದ್ದರು. ಮಧ್ಯೆ ನಾನು, "ತಾತ, ಯುದ್ಧದಲ್ಲಿ ಎಷ್ಟು ಗುಂಡು ಹೊಡೆದಿರಿ?" ಅಂತ ಕೇಳಿದೆ. "ಎಷ್ಟು ಸಲ ಕೋವಿ ಒರೆಸಿದೆ ಅಂತ ಕೇಳು, ಹೇಳ್ತೀನಿ" ಅಂದು ಸುಮ್ಮನಾದರು.

ಈಗ ಗೆಳೆಯರ ಮಾತಿಗೆ ಬರೋಣ. "ಏರ್ ಗನ್ ತಾನೇ" ಅನ್ನುತ್ತಾರೆ. ಅದರ ಸಣ್ಣ ಗುಂಡು ಒಂದು ಕಣ್ಣು ತೆಗೆಯಲು ಸಾಕು. "ಖಾಲಿ ಇತ್ತಲ್ಲ" ಅನ್ನುತ್ತಾರೆ. ಹೌದು, ಖಾಲಿ ಇತ್ತು. ಆದರೆ ತಿರುಗುವಾಗ ನಾನು ಅದನ್ನು ಯೋಚಿಸಿರಲಿಲ್ಲ. ಇವತ್ತು ಖಾಲಿ ಕೋವಿಯಲ್ಲಿ ಕಲಿತ ಕೆಟ್ಟ ಅಭ್ಯಾಸ ನಾಳೆ ತೋಟಾ ತುಂಬಿದ ಕೋವಿ ಹಿಡಿದಾಗ ಬಿಟ್ಟು ಹೋಗುತ್ತದೆಯೇ? ಆಗ ಹಿಂದೆ ನಿಂತಿದ್ದವರಲ್ಲಿ ನನ್ನ ತಂಗಿಯೂ ಇದ್ದಳು. "ಚಿಕ್ಕ ಹುಡುಗ, ಒಂದು ಸಲ ಬಿಡಬಹುದಿತ್ತು" ಅನ್ನುವವರಿಗೂ ಇದೇ ನನ್ನ ಉತ್ತರ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ವಿನಾಯಿತಿ ಇರುವುದು ಪರವಾನಗಿಗೆ ಮಾತ್ರ, ಎಚ್ಚರಿಕೆಗೆ ಅಲ್ಲ. ಜನರಲ್ ತಿಮ್ಮಯ್ಯ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ ನಾಡು ಅಂತ ಭಾಷಣದಲ್ಲಿ ಹೆಮ್ಮೆ ಪಡುತ್ತೇವೆ. ಸೈನ್ಯ ಅಂದರೆ ಮೊದಲು ಶಿಸ್ತು ಅನ್ನುವುದನ್ನು ಮಾತ್ರ ಮೈದಾನದಲ್ಲಿ ಮರೆಯುತ್ತೇವೆ.

ದೊಡ್ಡ ಆಟಗಾರರನ್ನೇ ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಅದರ ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್! ಅಂಥ ಸ್ಪರ್ಧೆಯಲ್ಲೂ ಕೋವಿಯನ್ನು ಅಪಾಯವಾಗುವ ಹಾಗೆ ಹಿಡಿದರೆ ಹೊರಗೆ ಕಳುಹಿಸುವ ನಿಯಮವಿದೆ. ಒಲಿಂಪಿಕ್ಸ್‌ಗೆ ಇರುವ ನಿಯಮ ನಮ್ಮೂರ ಮೊಟ್ಟೆಗೆ ಬೇಡವೇ?

ಮುಂದಿನ ವರ್ಷಕ್ಕೆ ಹಿರಿಯರಲ್ಲಿ ನನ್ನ ಮನವಿ ಇಷ್ಟು:

1. ಸುಣ್ಣದ ಗೆರೆ ಹಾಕಿ. ಕೋವಿ ಗೆರೆಯಿಂದ ಹಿಂದೆ ಬರಬಾರದು.
2. ಕೋವಿ ಕೆಳಗಿಟ್ಟ ಮೇಲೆಯೇ ಫೋಟೋ, ಚಪ್ಪಾಳೆ.
3. ತಪ್ಪಿದವರು ಚಿಕ್ಕವರಾಗಲಿ ದೊಡ್ಡವರಾಗಲಿ, ಆ ವರ್ಷ ಹೊರಗೆ.
4. ಮನೆಯಲ್ಲಿ ಕೋವಿ ಬೇರೆ, ತೋಟಾ ಬೇರೆ ಕಡೆ ಬೀಗ ಹಾಕಿ ಇಡಲಿ.

ಸಂಜೆ ಮೈದಾನದಿಂದ ಹೊರಡುವಾಗ ತಾತ, "ಗುರಿ ಚೆನ್ನಾಗಿದೆ. ಮುಂದಿನ ವರ್ಷ ಬಾ" ಅಂದರು. ಖಂಡಿತ ಹೋಗುತ್ತೇನೆ. ನಿಮ್ಮ ಅಭಿಪ್ರಾಯ ಬೇರೆ ಇದ್ದರೆ ಮುಂದಿನ ಸಂಚಿಕೆಗೆ ಬರೆದು ಕೊಡಿ.

— ಒಂಬತ್ತನೇ ತರಗತಿಯ ವಿದ್ಯಾರ್ಥಿ